ಯಂತ್ರ ಪರಿಚಯ: ನಿಲ್ಲಿಸುವ ವಿದ್ಯೆ

ಓಡಿಸುವ ವಿದ್ಯೆಯನ್ನು ಮೆಚ್ಚುವವರು ಲೋಕದಲ್ಲಿ ಹೇರಳವಾಗಿದ್ದಾರೆ. ಮನೆಗೆ ಹೊಸ ಕಾರು ಬಂದಾಗ ನೆರೆಹೊರೆಯವರು ಕೇಳುವ ಮೊದಲನೆಯ ಪ್ರಶ್ನೆ, ಲೀಟರಿಗೆ ಎಷ್ಟು ದೂರ ಓಡುತ್ತದೆ ಎಂಬುದು. ಎರಡನೆಯದು, ಎಷ್ಟು ವೇಗವಾಗಿ ಓಡುತ್ತದೆ ಎಂಬುದು. ಎಷ್ಟು ದೂರದೊಳಗೆ ನಿಲ್ಲುತ್ತದೆ ಎಂದು ಕೇಳುವವರನ್ನು ಕಾಣುವುದು ಅಪೂರ್ವ. ಆದರೆ ಯಾರದೋ ಮನೆಯ ಮಗುವೊಂದು ಚೆಂಡಿನ ಹಿಂದೆ ರಸ್ತೆಗೆ ಅಡ್ಡಲಾಗಿ ಓಡಿಬಂದ ಆ ಒಂದು ಕ್ಷಣದಲ್ಲಿ, ಇಂಜಿನ್ನಿನ ಬಲವೂ ಬಣ್ಣದ ಹೊಳಪೂ ಯಾವ ಉಪಕಾರಕ್ಕೂ ಬರುವುದಿಲ್ಲ. ಆಗ ಕಾಪಾಡಬೇಕಾದುದು ಬಲಪಾದದ ಕೆಳಗಿರುವ ಅಂಗೈಯಗಲದ ಪೆಡಲೊಂದೇ.

ಆ ಪೆಡಲಿಗೂ ಚಕ್ರಕ್ಕೂ ನಡುವೆ, ಈಚಿನ ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ, ಒಂದು ಕವಾಟದ ಪೆಟ್ಟಿಗೆ ಬಂದು ಕುಳಿತಿದೆ. ಈ ವಾರ ಅದರ ಪರಿಚಯವನ್ನೂ, ಅದು ಕೆಟ್ಟಾಗ ಬದಲಾಯಿಸುವ ಕ್ರಮವನ್ನೂ ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿರುವ ಉಪಾಧ್ಯಾಯರೊಬ್ಬರು, ಪೆಟ್ರೋಲಿನ ಬೆಲೆಗೆ ಬೆದರಿ, ಇನ್ನೊಬ್ಬರ ಕೈಯಲ್ಲಿ ಎಂಟು ಹತ್ತು ವರ್ಷ ಓಡಿದ ಹೈಬ್ರಿಡ್ ಕಾರೊಂದನ್ನು ಕೊಂಡಿದ್ದಾರೆ. ಒಂದು ಬೆಳಗ್ಗೆ ಕಾರಿನ ಮುಂಭಾಗದ ಫಲಕದಲ್ಲಿ ಕೆಂಪು ದೀಪವೂ ಹಳದಿ ದೀಪಗಳೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ನೋಡಿ ಹೇಳುತ್ತಾನೆ:

“ಮೇಷ್ಟ್ರೇ, ಬ್ರೇಕಿಗೆ ಒತ್ತಡ ಹಂಚೋ ವಾಲ್ವಿನ ಪೆಟ್ಟಿಗೆ ಹೋಗಿದೆ. ಇಡಿಯಾಗಿ ಬದಲಾಯಿಸಬೇಕು.”

ಬೆಲೆಯನ್ನು ಕೇಳಿದ ಮೇಷ್ಟ್ರ ಎದೆ ಧಸಕ್ಕೆನ್ನುತ್ತದೆ. “ಅಲ್ಲಪ್ಪ, ಒಂದು ವಾಲ್ವಿಗೆ ಇಷ್ಟು ಹಣವೆ? ಬಿಚ್ಚಿ, ಹೊಸ ವಾಷರು ಹಾಕಿ ಸರಿಮಾಡಲಾಗದೆ?”

“ಇದು ಬಿಚ್ಚೋ ಸಾಮಾನಲ್ಲ ಮೇಷ್ಟ್ರೇ. ಬೇಕಾದರೆ ಗುಜರಿಯಿಂದ ಇಂಥದೇ ಗಾಡಿಯದೊಂದು ತಂದು ಹಾಕಿಕೊಡ್ತೀನಿ. ಅರ್ಧಕ್ಕರ್ಧ ಉಳಿಯುತ್ತೆ.”

ಮೇಷ್ಟ್ರ ಮುಂದೆ ಈಗ ಮೂರು ದಾರಿಗಳಿವೆ. ಪೂರ್ಣ ಹಣ ತೆತ್ತು ಹೊಸದನ್ನು ಹಾಕಿಸುವುದು ಒಂದು. ಗುಜರಿಯದನ್ನು ಹಾಕಿಸುವುದು ಇನ್ನೊಂದು. ಮೂರನೆಯದು ಯಾರೂ ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ಹೊಳೆಯುವಂಥದು: ‘ಹೇಗೂ ಬ್ರೇಕು ಹಿಡಿಯುತ್ತಿದೆಯಲ್ಲ, ದೀಪ ಉರಿದರೆ ಉರಿಯಲಿ, ದಸರಾ ಕಳೆಯಲಿ, ಆಮೇಲೆ ನೋಡೋಣ’ ಎಂಬುದು. ಯಾವುದನ್ನು ಹಿಡಿಯಬೇಕೆಂಬ ತೀರ್ಮಾನಕ್ಕೆ ಆ ಪೆಟ್ಟಿಗೆ ಮಾಡುವ ಕೆಲಸವನ್ನು ಸ್ವಲ್ಪವಾದರೂ ತಿಳಿದಿರಬೇಕು.

ದ್ರವದ ದೌತ್ಯ

ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲ್ (೧೬೨೩–೧೬೬೨) ಎಂಬ ಮೇಧಾವಿ, ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ತತ್ತ್ವವನ್ನು ನಿರೂಪಿಸಿದನು. ಚಿಕ್ಕ ಕೊಂತವನ್ನು ಒತ್ತಿದಾಗ, ಅದರ ನಾಲ್ಕರಷ್ಟು ವಿಸ್ತೀರ್ಣದ ಇನ್ನೊಂದು ಕೊಂತದ ಮೇಲೆ ನಾಲ್ಕರಷ್ಟು ಬಲ ಬೀಳುತ್ತದೆ. ಪುಕ್ಕಟೆಯಾಗಿ ಅಲ್ಲ; ದೊಡ್ಡ ಕೊಂತ ಸರಿಯುವ ದೂರ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೂ ಮನುಷ್ಯನ ಒಂದು ಕಾಲಿನ ಬಲವನ್ನು ನಾಲ್ಕು ಚಕ್ರಗಳಿಗೆ ಹಿಗ್ಗಿಸಿ ಹಂಚಲು ಇದಕ್ಕಿಂತ ಸರಳವಾದ ಉಪಾಯವಿಲ್ಲ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಈ ತತ್ತ್ವವನ್ನು ಮೋಟಾರಿನ ಬ್ರೇಕಿಗೆ ಅಳವಡಿಸಿದನು. ೧೯೨೧ರಲ್ಲಿ ಡ್ಯೂಸೆನ್‌ಬರ್ಗ್ ಎಂಬ ಕಾರು ನಾಲ್ಕು ಚಕ್ರಗಳಿಗೂ ದ್ರವಬ್ರೇಕುಗಳನ್ನು ಹೊತ್ತು ಮಾರುಕಟ್ಟೆಗೆ ಬಂದಿತು.

ನಮ್ಮ ಹಿರಿಯರಿಗೆ ಚಿರಪರಿಚಿತವಾಗಿದ್ದ ಅಂಬಾಸಿಡರ್ ಕಾರಿನಲ್ಲಿಯೂ ಇದೇ ವಿಧಾನವಿತ್ತು. ಪೆಡಲನ್ನು ಒತ್ತಿದರೆ ಮಾಸ್ಟರ್ ಸಿಲಿಂಡರಿನಲ್ಲಿ ಬ್ರೇಕ್ ಆಯಿಲ್ ಒತ್ತಲ್ಪಟ್ಟು, ಕೊಳವೆಗಳಲ್ಲಿ ಸಾಗಿ, ಚಕ್ರದ ಬಳಿಯ ಕೊಂತಗಳನ್ನು ತಳ್ಳುತ್ತಿತ್ತು. ಪಾದಕ್ಕೂ ಚಕ್ರಕ್ಕೂ ನಡುವೆ ದ್ರವವಲ್ಲದೆ ಬೇರೆ ಮಧ್ಯಸ್ಥನಿರಲಿಲ್ಲ. ಗಟ್ಟಿಯಾಗಿ ಒತ್ತಿದರೆ ಗಟ್ಟಿಯಾಗಿ ಹಿಡಿಯುತ್ತಿತ್ತು. ಮೆಲ್ಲಗೆ ಒತ್ತಿದರೆ ಮೆಲ್ಲಗೆ. ದ್ರವದಲ್ಲಿ ಗಾಳಿ ಸೇರಿದರೆ ಪೆಡಲು ಮೆತ್ತಗಾಗಿ ಪಾದಕ್ಕೇ ದೂರು ಕೊಡುತ್ತಿತ್ತು. ಬೀದಿಯ ಕೊನೆಯ ಗ್ಯಾರೇಜಿನವನು ಹುಡುಗನೊಬ್ಬನನ್ನು ಪೆಡಲಿನ ಮೇಲೆ ಕೂರಿಸಿ, “ಒತ್ತು... ಬಿಡು... ಒತ್ತು” ಎನ್ನುತ್ತ ಅರ್ಧ ಗಂಟೆಯಲ್ಲಿ ಗಾಳಿಯನ್ನು ಹೊರಡಿಸಿ ಸರಿಮಾಡುತ್ತಿದ್ದನು.

ವ್ಯರ್ಥವಾಗುತ್ತಿದ್ದ ಸಂಪತ್ತು

ಆ ವ್ಯವಸ್ಥೆಯಲ್ಲಿ ಒಂದು ದೊಡ್ಡ ದುಂದು ಇತ್ತು. ೧,೫೦೦ ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ ೭೨ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆಯೆನ್ನೋಣ. ಅದರ ಚಲನೆಯಲ್ಲಿ ಅಡಗಿರುವ ಶಕ್ತಿ ೩ ಲಕ್ಷ ಜೌಲ್. ಗೃಹಿಣಿಯರಿಗೆ ಪರಿಚಯವಿರುವ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ, ಯೂನಿಟ್ಟಿನ ಹನ್ನೆರಡನೆಯ ಒಂದು ಪಾಲು. ೧೦ ವ್ಯಾಟಿನ ದೀಪವೊಂದನ್ನು ಎಂಟು ಗಂಟೆಗಳ ಕಾಲ ಬೆಳಗಿಸಲು ಅಷ್ಟು ಸಾಕು. ಬ್ರೇಕು ಹಾಕಿ ನಿಲ್ಲಿಸಿದಾಗ ಈ ಶಕ್ತಿಯ ಬಹುಪಾಲು ಪ್ಯಾಡು ಡಿಸ್ಕುಗಳ ಘರ್ಷಣೆಯಲ್ಲಿ ಕಾವಾಗಿ ಗಾಳಿಗೆ ಹಾರಿಹೋಗುತ್ತದೆ. ಪೇಟೆಯಲ್ಲಿ ಒಂದು ಸುತ್ತು ಹೊರಟವನು ಎಷ್ಟು ಸಲ ಬ್ರೇಕು ಹಾಕುತ್ತಾನೆಂದು ಎಣಿಸಿದರೆ, ಬೀದಿಬೀದಿಯಲ್ಲೂ ಹಣವನ್ನು ಚೆಲ್ಲುತ್ತ ಹೋದಂತಾಯಿತು.

ವಿದ್ಯುತ್ ಮೋಟಾರಿಗೆ ಒಂದು ವಿಶೇಷ ಗುಣವುಂಟು. ವಿದ್ಯುತ್ತನ್ನು ಕೊಟ್ಟರೆ ಅದು ಚಕ್ರವನ್ನು ತಿರುಗಿಸುತ್ತದೆ. ಚಕ್ರವೇ ಅದನ್ನು ತಿರುಗಿಸುವಂತೆ ಮಾಡಿದರೆ ಅದು ವಿದ್ಯುತ್ತನ್ನು ಕೊಡುತ್ತದೆ. ಹಾಗೆ ಕೊಡುವಾಗ ಚಕ್ರಕ್ಕೆ ಪ್ರತಿರೋಧವನ್ನೂ ಒಡ್ಡುತ್ತದೆ. ಎಂದರೆ ಬ್ರೇಕಿನ ಕೆಲಸವನ್ನೇ ಮಾಡುತ್ತದೆ. ನಿಲ್ಲಿಸುವುದೂ ಆಯಿತು, ಶಕ್ತಿಯ ಒಂದು ಭಾಗ ಬ್ಯಾಟರಿಗೆ ಮರಳಿದ್ದೂ ಆಯಿತು. ಬೆಂಗಳೂರಿನಲ್ಲಿ ನಿರ್ಮಾಣಗೊಂಡು ೨೦೦೧ರಲ್ಲಿ ರಸ್ತೆಗಿಳಿದ ಪುಟ್ಟ ರೇವಾ ಕಾರಿನಲ್ಲಿ ಈ ಉಪಾಯವಿತ್ತು. ಅದಕ್ಕೂ ಮೊದಲು, ೧೯೯೭ರ ಡಿಸೆಂಬರಿನಲ್ಲಿ ಜಪಾನಿನ ಟೊಯೋಟಾ ಸಂಸ್ಥೆ ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು ಮಾರಾಟಕ್ಕೆ ತಂದಿತ್ತು. ಪೆಟ್ರೋಲ್ ಇಂಜಿನ್ನೂ ವಿದ್ಯುತ್ ಮೋಟಾರೂ ಜೊತೆಗೂಡಿ ಎಳೆಯುವ ಈ ಜಾತಿಯ ಕಾರುಗಳು ನಮಗೂ ಈಗ ಅಪರಿಚಿತವಲ್ಲ. ೨೦೧೩ರಲ್ಲಿ ಬಿಡದಿಯ ಕಾರ್ಖಾನೆಯಲ್ಲಿಯೇ ಕ್ಯಾಮ್ರಿ ಹೈಬ್ರಿಡ್ಡಿನ ಜೋಡಣೆ ಮೊದಲಾಯಿತು. ೨೦೨೨ರಲ್ಲಿ ಇನ್ನೋವಾ ಹೈಕ್ರಾಸ್ ಬಂದಿತು.

ಪಾದದ ಅರ್ಜಿ

ತೊಡಕು ಹುಟ್ಟಿದ್ದು ಇಲ್ಲಿಯೇ. ಕಾರನ್ನು ನಿಲ್ಲಿಸಬಲ್ಲವರು ಈಗ ಇಬ್ಬರಾದರು: ಮೋಟಾರು ಒಬ್ಬ, ದ್ರವಬ್ರೇಕು ಇನ್ನೊಬ್ಬ. ಬ್ಯಾಟರಿಗೆ ಹಸಿವಿದ್ದರೆ ಮೋಟಾರೇ ಹೆಚ್ಚಿನ ಹೊರೆಯನ್ನು ಹೊರಬಹುದು. ಬ್ಯಾಟರಿ ತುಂಬಿದ್ದರೆ ಅದರಿಂದ ಸಾಗದು. ಕಾರು ಇನ್ನೇನು ನಿಲ್ಲುತ್ತದೆ ಎನ್ನುವ ನಿಧಾನಗತಿಯಲ್ಲಿಯೂ ಸಾಗದು. ಹಠಾತ್ತಾಗಿ ನಿಲ್ಲಿಸಬೇಕಾದಾಗ ಮೋಟಾರೊಂದರ ಬಲ ಸಾಲದು. ಪ್ರತಿಕ್ಷಣವೂ ಇಬ್ಬರ ನಡುವೆ ಕೆಲಸವನ್ನು ಹಂಚಿ, ಒಬ್ಬ ಬಿಟ್ಟಷ್ಟನ್ನು ಇನ್ನೊಬ್ಬ ತುಂಬುವಂತೆ, ಒಳಗೆ ಕುಳಿತವರಿಗೆ ವ್ಯತ್ಯಾಸ ತಿಳಿಯದಂತೆ ನೋಡಿಕೊಳ್ಳುವವರು ಬೇಕು.

ಅದಕ್ಕಾಗಿ ೨೦೦೩ರಲ್ಲಿ ಬಂದ ಎರಡನೆಯ ತಲೆಮಾರಿನ ಪ್ರಿಯಸ್ ಕಾರಿನಲ್ಲಿಯೂ, ಅದರ ಮಾದರಿಯನ್ನು ಅನುಸರಿಸಿದ ಇತರ ಕಾರುಗಳಲ್ಲಿಯೂ, ಪಾದಕ್ಕೂ ಚಕ್ರಕ್ಕೂ ಇದ್ದ ನೇರ ಸಂಬಂಧವನ್ನು ಸಾಮಾನ್ಯ ಸಮಯದಲ್ಲಿ ಕಡಿದುಹಾಕಿದ್ದಾರೆ. ಪೆಡಲನ್ನು ಒತ್ತಿದಾಗ ಪಾದವು ಸಲ್ಲಿಸುವುದು ಒಂದು ಅರ್ಜಿಯನ್ನು ಮಾತ್ರ. ಎಷ್ಟು ಒತ್ತಿದರು, ಎಷ್ಟು ಬೇಗ ಒತ್ತಿದರು ಎಂಬುದನ್ನು ಸಂವೇದಕಗಳು ಅಳೆದು ಗಣಕಕ್ಕೆ ಒಪ್ಪಿಸುತ್ತವೆ. ಗಣಕವು ಬ್ಯಾಟರಿಯ ಸ್ಥಿತಿಯನ್ನೂ ಚಕ್ರಗಳ ವೇಗವನ್ನೂ ನೋಡಿ, ಮೋಟಾರಿಗೆ ಇಷ್ಟು, ದ್ರವಕ್ಕೆ ಇಷ್ಟು ಎಂದು ಮಂಜೂರು ಮಾಡುತ್ತದೆ. ಪುಣ್ಯಕ್ಕೆ ಈ ಕಚೇರಿಯಲ್ಲಿ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ತಿಂಗಳು ಹಿಡಿಯುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಎಲ್ಲವೂ ಮುಗಿದಿರುತ್ತದೆ. ಪಾದಕ್ಕೆ ತಗಲುವ ಗಟ್ಟಿತನವಾದರೂ ಸ್ಪ್ರಿಂಗುಗಳನ್ನಿಟ್ಟು ಸೃಷ್ಟಿಸಿದ ಅನುಭವವೇ ಹೊರತು ಚಕ್ರದಿಂದ ಬಂದ ಉತ್ತರವಲ್ಲ.

ಗಣಕದ ಅಪ್ಪಣೆಯನ್ನು ನೆರವೇರಿಸುವುದೇ ನಾವು ಹೇಳಹೊರಟ ಕವಾಟದ ಪೆಟ್ಟಿಗೆ. ಅದರೊಂದಿಗೆ ವಿದ್ಯುತ್ತಿನಿಂದ ನಡೆಯುವ ಒಂದು ಪಂಪೂ, ಒತ್ತಡವನ್ನು ಕೂಡಿಡುವ ಒಂದು ಸಂಚಯಕವೂ ಇರುತ್ತವೆ. ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾದೀತು. ಪಂಪು ಟ್ಯಾಂಕಿಗೆ ನೀರೇರಿಸುತ್ತದೆ. ನಲ್ಲಿ ತಿರುಗಿಸಿದೊಡನೆ ಕೂಡಿಟ್ಟ ನೀರು ಧುಮುಕುತ್ತದೆ. ಇಲ್ಲಿ ಟ್ಯಾಂಕಿನ ಎತ್ತರದ ಬದಲು ಸಾರಜನಕ ಅನಿಲವನ್ನು ಅದುಮಿಟ್ಟು ಅದರ ಬಲದಿಂದ ಒತ್ತಡವನ್ನು ಕಾಪಾಡಿರುತ್ತಾರೆ. ಆ ಒತ್ತಡ ನಮ್ಮ ಸುತ್ತಲಿನ ವಾಯುವಿನ ಒತ್ತಡದ ನೂರು ಪಟ್ಟನ್ನೂ ಮೀರಿದುದು. ಕಾರಿನ ಟೈರಿಗೆ ತುಂಬುವ ಗಾಳಿಯ ಒತ್ತಡ ಎರಡು ಪಟ್ಟಿಗೆ ಸ್ವಲ್ಪ ಹೆಚ್ಚು ಎಂಬುದನ್ನು ನೆನೆದರೆ ಇದರ ಉಗ್ರತೆ ಮನಸ್ಸಿಗೆ ಬಂದೀತು. ನಲ್ಲಿಗಳ ಸ್ಥಾನದಲ್ಲಿ ವಿದ್ಯುತ್ ಕವಾಟಗಳಿವೆ. ಅವುಗಳಲ್ಲಿ ಮುಖ್ಯವಾದವು ಬರಿಯ ‘ತೆರೆ–ಮುಚ್ಚು’ ಕವಾಟಗಳಲ್ಲ. ಕೊಟ್ಟ ವಿದ್ಯುತ್ತಿಗೆ ತಕ್ಕಂತೆ ಇಷ್ಟಿಷ್ಟೇ ತೆರೆಯಬಲ್ಲವು. ಬ್ರೇಕು ಮೆಲ್ಲಗೆ ಹಿಡಿಯುವುದೂ ಬಿಗಿಯಾಗಿ ಹಿಡಿಯುವುದೂ ಈ ನಯವಾದ ತೆರಪಿನ ಮೇಲೆ ನಿಂತಿದೆ.

ವಿದ್ಯುತ್ತೇ ಕೈಕೊಟ್ಟರೆ ಗತಿಯೇನು ಎಂದು ವಾಚಕರು ಕೇಳಬಹುದು. ನಿರ್ಮಿಸಿದವರು ಅದನ್ನೂ ಯೋಚಿಸಿದ್ದಾರೆ. ವಿದ್ಯುತ್ತು ನಿಂತೊಡನೆ ಕೆಲವು ಕವಾಟಗಳು ತಾವಾಗಿಯೇ ಮೊದಲಿನ ಸ್ಥಿತಿಗೆ ಮರಳಿ, ಮಾಸ್ಟರ್ ಸಿಲಿಂಡರಿನಿಂದ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ನೇರವಾದ ದಾರಿಯನ್ನು ತೆರೆಯುತ್ತವೆ. ಆಗ ಪಾದದ ಬಲವೊಂದರಿಂದಲೇ ಕಾರನ್ನು ನಿಲ್ಲಿಸಬೇಕು. ಪೆಡಲು ಬಹಳ ಕೆಳಗಿಳಿಯುತ್ತದೆ, ಬಹಳ ಬಲವಾಗಿ ತುಳಿಯಬೇಕಾಗುತ್ತದೆ, ನಿಲ್ಲುವ ದೂರ ಹೆಚ್ಚುತ್ತದೆ, ಆದರೂ ನಿಲ್ಲುತ್ತದೆ. ಇದು ಆಪತ್ಕಾಲದ ಏರ್ಪಾಡೇ ಹೊರತು ದಿನನಿತ್ಯದ ಸಂಸಾರಕ್ಕೆ ಹೇಳಿದ್ದಲ್ಲ.

ಕೆಡುವ ಬಗೆ

ಇಂಥ ಎಚ್ಚರಿಕೆಯ ನಿರ್ಮಾಣವೂ ಕೆಡದಿರುವುದಿಲ್ಲ. ೨೦೧೦ರ ಫೆಬ್ರವರಿಯಲ್ಲಿ ಟೊಯೋಟಾ ಸಂಸ್ಥೆ ಜಗತ್ತಿನಾದ್ಯಂತ ಸುಮಾರು ೪ ಲಕ್ಷ ೩೭ ಸಾವಿರ ಹೈಬ್ರಿಡ್ ಕಾರುಗಳನ್ನು ಹಿಂದಕ್ಕೆ ಕರೆಸಿತು. ಉಬ್ಬುತಗ್ಗಿನ ಅಥವಾ ಜಾರುವ ರಸ್ತೆಯಲ್ಲಿ ಬ್ರೇಕು ಒಂದು ಕ್ಷಣ ಸಡಿಲಿದಂತೆ ಭಾಸವಾಗುತ್ತಿತ್ತು. ಗಣಕದ ಆದೇಶಾವಳಿಯನ್ನು ತಿದ್ದಿ ಕೊಟ್ಟರು. ೨೦೧೩ರ ಜೂನ್ ತಿಂಗಳಲ್ಲಿ ಮತ್ತೆ ಸುಮಾರು ೨ ಲಕ್ಷ ೪೨ ಸಾವಿರ ಕಾರುಗಳನ್ನು ಕರೆಸಬೇಕಾಯಿತು. ಈ ಸಲದ ದೋಷ ಸಂಚಯಕದಲ್ಲಿತ್ತು. ಅದುಮಿಟ್ಟ ಸಾರಜನಕ ಸೋರಿ ಬ್ರೇಕಿನ ದ್ರವಕ್ಕೆ ಬೆರೆಯುವ ಸಂಭವವಿತ್ತು. ದ್ರವ ಕುಗ್ಗುವುದಿಲ್ಲ, ಅನಿಲ ಕುಗ್ಗುತ್ತದೆ. ಬೆರೆತ ಅನಿಲವನ್ನು ಕುಗ್ಗಿಸುವುದರಲ್ಲಿಯೇ ಒತ್ತಡ ವ್ಯಯವಾಗಿ, ಚಕ್ರಕ್ಕೆ ತಲಪಬೇಕಾದುದು ತಲಪದೆ ಹೋಗುತ್ತದೆ. ತಪ್ಪನ್ನು ಬಚ್ಚಿಡದೆ ಕಾರನ್ನು ಕರೆಸಿ ಸರಿಪಡಿಸುವ ಈ ಪದ್ಧತಿ ಮೆಚ್ಚತಕ್ಕದ್ದೇ. ಆದರೆ ಬ್ರೇಕಿನ ವಿಷಯದಲ್ಲಿ ಸಣ್ಣ ದೋಷವೆಂಬುದಿಲ್ಲ ಎಂಬ ಪಾಠವನ್ನೂ ಇದರಿಂದ ಕಲಿಯಬೇಕು.

ಇನ್ನೊಂದು ಲಕ್ಷಣವನ್ನು ಮನೆಯವರೆಲ್ಲರೂ ತಿಳಿದಿರುವುದು ಒಳ್ಳೆಯದು. ಯಾರೂ ನಲ್ಲಿ ತಿರುಗಿಸದಿದ್ದರೂ ಮನೆಯ ಪಂಪು ಮತ್ತೆಮತ್ತೆ ತಾನಾಗಿಯೇ ಓಡತೊಡಗಿದರೆ ಎಲ್ಲಿಯೋ ಸೋರುತ್ತಿದೆಯೆಂದು ಊಹಿಸುತ್ತೇವಲ್ಲವೆ? ಕಾರಿನಲ್ಲಿಯೂ ಹಾಗೆಯೇ. ಬ್ರೇಕನ್ನು ಮುಟ್ಟದೆ ಇದ್ದರೂ ಕೆಲವು ಸೆಕೆಂಡುಗಳಿಗೊಮ್ಮೆ ‘ಗುಂಯ್’ ಎಂದು ಪಂಪಿನ ಸದ್ದು ಕೇಳುತ್ತಿದ್ದರೆ, ಕವಾಟದೊಳಗೆ ಸೋರಿಕೆಯೋ ಸಂಚಯಕದಲ್ಲಿ ದುರ್ಬಲತೆಯೋ ಇದೆಯೆಂದು ಸಂಶಯಪಡಬೇಕು. ಕಾರಿನ ಬಾಗಿಲು ತೆರೆದಾಗ ಒಮ್ಮೆ ಆ ಸದ್ದು ಬರುವುದು ಮಾತ್ರ ಅನೇಕ ಕಾರುಗಳಲ್ಲಿ ಸಹಜ. ಯಜಮಾನರು ಬಂದರೆಂದು ಪಂಪು ಎಚ್ಚರಗೊಂಡು ಒತ್ತಡವನ್ನು ಸಿದ್ಧಪಡಿಸಿಕೊಳ್ಳುವ ಸದ್ದು ಅದು.

ಹೋಗುತ್ತಿರುವಾಗಲೇ ಕೆಂಪು ದೀಪ ಹೊತ್ತಿಕೊಂಡರೆ ಏನು ಮಾಡಬೇಕು? ಪೆಡಲನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುವ ಹಳೆಯ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಹಾಗೆ ಮಾಡಿದರೆ ಕೂಡಿಟ್ಟ ಒತ್ತಡ ಬೇಗ ಖರ್ಚಾಗುತ್ತದೆ. ಒಂದೇ ಸಮನೆ ಬಲವಾಗಿ ಒತ್ತಿ ಹಿಡಿದು, ರಸ್ತೆಯ ಬದಿಗೆ ನಿಲ್ಲಿಸಿ, ಅಲ್ಲಿಂದ ಮುಂದೆ ಬೇರೆ ವಾಹನದ ಮೇಲೆ ಸಾಗಿಸುವುದೇ ಕ್ರಮ. ಮೇಷ್ಟ್ರ ಮನಸ್ಸಿಗೆ ಹೊಳೆದ ಮೂರನೆಯ ದಾರಿ ಇಲ್ಲಿಗೆ ಮುಚ್ಚಿತು. ಕೆಂಪು ದೀಪ ಉರಿಯುವ ಕಾರಿನಲ್ಲಿ ದಸರಾ ನೋಡಲು ಹೋಗಕೂಡದು.

ಬದಲಾಯಿಸುವ ಮುನ್ನ

ಆದರೆ ದೀಪ ಹೊತ್ತಿದ ಮಾತ್ರಕ್ಕೆ ಪೆಟ್ಟಿಗೆಯೇ ಕೆಟ್ಟಿದೆಯೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಇಂಥ ಕಾರುಗಳಲ್ಲಿ ಚಕ್ರವನ್ನು ನಡೆಸುವ ದೊಡ್ಡ ಬ್ಯಾಟರಿಯಲ್ಲದೆ, ಎಲ್ಲ ಕಾರುಗಳಲ್ಲಿರುವಂಥ ೧೨ ವೋಲ್ಟಿನ ಸಣ್ಣ ಬ್ಯಾಟರಿಯೂ ಇರುತ್ತದೆ. ಬ್ರೇಕಿನ ಗಣಕಕ್ಕೆ ಉಸಿರು ಕೊಡುವುದು ಇದೇ. ಇದು ಹಳೆಯದಾಗಿ ಸೊರಗಿದರೆ ಗಣಕ ಗೊಂದಲಗೊಂಡು ಇಲ್ಲದ ರೋಗಗಳನ್ನೆಲ್ಲ ಬರೆದಿಡುವುದುಂಟು. ಮೊದಲು ಅದನ್ನು ಪರೀಕ್ಷಿಸಬೇಕು. ಬಳಿಕ ಬ್ರೇಕ್ ಆಯಿಲಿನ ಮಟ್ಟ, ತಂತಿಗಳ ಜೋಡಣೆಗಳು, ತುಕ್ಕು, ಕೊಳವೆಗಳ ಸೋರಿಕೆ ಇವನ್ನು ನೋಡಬೇಕು. ಆಮೇಲೆ ಪರೀಕ್ಷಾ ಯಂತ್ರವನ್ನು ಕಾರಿಗೆ ಜೋಡಿಸಿ, ಗಣಕ ಬರೆದಿಟ್ಟ ದೋಷಸಂಕೇತಗಳನ್ನು ಓದಿ, ಪಂಪು ಎಷ್ಟು ಹೊತ್ತಿನಲ್ಲಿ ಒತ್ತಡವನ್ನು ಏರಿಸುತ್ತದೆ, ಏರಿದ ಒತ್ತಡ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಳೆಯಬೇಕು. ವೈದ್ಯರು ರಕ್ತಪರೀಕ್ಷೆಯ ವರದಿಯನ್ನು ರೋಗಿಯ ಕೈಗೆ ಕೊಡುವಂತೆ, ಈ ಸಂಕೇತಗಳ ಅಚ್ಚಾದ ಪ್ರತಿಯೊಂದನ್ನು ಗ್ಯಾರೇಜಿನವರಿಂದ ಕೇಳಿ ಪಡೆಯುವುದು ಯಜಮಾನರ ಹಕ್ಕು. ಕಾರಿನ ಷಾಸಿ ಸಂಖ್ಯೆಯನ್ನು ಕೊಟ್ಟು, ಆ ಭಾಗಕ್ಕೆ ಸಂಸ್ಥೆಯೇ ಹೊಣೆ ಹೊತ್ತ ಪ್ರಕಟಣೆಯೇನಾದರೂ ಇದೆಯೇ ಎಂದು ಅಧಿಕೃತ ಸೇವಾಕೇಂದ್ರದಲ್ಲಿ ವಿಚಾರಿಸಲೂ ಮರೆಯಬಾರದು.

ಕೆಲಸದ ಕ್ರಮ

ಪೆಟ್ಟಿಗೆಯೇ ಕೆಟ್ಟಿರುವುದು ನಿಶ್ಚಯವಾದರೆ ಅದನ್ನು ಇಡಿಯಾಗಿ ಬದಲಾಯಿಸಬೇಕಾಗುತ್ತದೆ. ಮೆಕ್ಯಾನಿಕ್ ಹೇಳಿದ ಮಾತು ಅಷ್ಟರಮಟ್ಟಿಗೆ ಸತ್ಯ. ಕವಾಟಗಳ ಒಳಗಿನ ತೆರಪುಗಳು ಬಹಳ ಸೂಕ್ಷ್ಮವಾದವು. ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಕೆಲಸ ಕೆಡುತ್ತದೆ. ಬೀದಿಯ ಗಾಳಿಯಲ್ಲಿ ಬಿಚ್ಚಿ ವಾಷರು ಹಾಕುವ ವಸ್ತು ಅದಲ್ಲ.

ಈ ಕೆಲಸವನ್ನು ಮನೆಯಂಗಳದಲ್ಲಿ ಕೈಗೊಳ್ಳಲು ನಾವು ಯಾರಿಗೂ ಸಲಹೆ ಕೊಡುವುದಿಲ್ಲ. ಆದರೆ ಹೇಗೆ ನಡೆಯಬೇಕೆಂದು ತಿಳಿದ ಯಜಮಾನರ ಮುಂದೆ ಅರೆಬರೆ ಕೆಲಸ ನಡೆಯುವುದು ಕಷ್ಟ.

ಮೊದಲನೆಯದು, ಬ್ರೇಕನ್ನು ನಿದ್ದೆಮಾಡಿಸುವುದು. ಬಾಗಿಲು ತೆರೆದರೆ ಸಾಕು, ಪೆಡಲು ಸೋಕಿದರೆ ಸಾಕು, ಪಂಪು ಎಚ್ಚರಗೊಳ್ಳುತ್ತದೆ ಎಂದೆವಲ್ಲವೆ? ಕೊಳವೆಯನ್ನು ಬಿಚ್ಚಿರುವಾಗ ಅದು ಎಚ್ಚರಗೊಂಡರೆ ಆ ಒತ್ತಡದ ದ್ರವ ಕಣ್ಣಿಗೂ ಮೈಗೂ ಚಿಮ್ಮೀತು. ಆದುದರಿಂದ ಪರೀಕ್ಷಾ ಯಂತ್ರದ ಮೂಲಕ ಬ್ರೇಕಿನ ನಿಯಂತ್ರಣವನ್ನು ಸ್ತಬ್ಧಗೊಳಿಸಿ, ಸಂಚಯಕದ ಒತ್ತಡವನ್ನು ಇಳಿಸಿ, ಬೀಗದ ಕೈಯನ್ನು ದೂರವಿಟ್ಟು, ಸಣ್ಣ ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು.

ಎರಡನೆಯದು, ವಿದ್ಯುತ್ತಿನ ಎಚ್ಚರ. ಎರಡನೆಯ ತಲೆಮಾರಿನ ಪ್ರಿಯಸ್ ಕಾರಿನ ದೊಡ್ಡ ಬ್ಯಾಟರಿಯ ವೋಲ್ಟೇಜ್ ೨೦೧.೬. ಅದು ಪ್ರಾಣಾಂತಿಕ. ಆ ತಂತಿಗಳಿಗೆಲ್ಲ ಕಿತ್ತಳೆ ಬಣ್ಣದ ಹೊದಿಕೆ ಹಾಕಿರುವುದು ಅಲಂಕಾರಕ್ಕಲ್ಲ. ಕೆಲವು ಕಾರುಗಳಲ್ಲಿ ಕವಾಟದ ಪೆಟ್ಟಿಗೆಯನ್ನು ತಲಪಲು, ಈ ವಿದ್ಯುತ್ತನ್ನು ಹದಗೊಳಿಸುವ ಇನ್ವರ್ಟರನ್ನು ತೆಗೆಯಬೇಕಾಗುತ್ತದೆ. ಆಗ ತರಬೇತಿ ಪಡೆದವನು ವಿದ್ಯುನ್ನಿರೋಧಕ ಕೈಗವಸು ತೊಟ್ಟು, ಬ್ಯಾಟರಿಯ ಬಳಿಯ ಸುರಕ್ಷತಾ ಪ್ಲಗ್ಗನ್ನು ಕಿತ್ತು, ಬೇರೊಬ್ಬರು ಅರಿಯದೆ ಮರಳಿ ಹಾಕದಂತೆ ತನ್ನ ಜೇಬಿನಲ್ಲಿಟ್ಟುಕೊಳ್ಳಬೇಕು. ಒಳಗೆ ಉಳಿದ ವಿದ್ಯುತ್ತು ಇಂಗುವವರೆಗೆ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಮೀಟರಿನಲ್ಲಿ ಸೊನ್ನೆಯನ್ನು ಕಣ್ಣಾರೆ ನೋಡಿದ ಮೇಲೆಯೇ ಮುಟ್ಟಬೇಕು.

ಮೂರನೆಯದು, ಶುಚಿತ್ವ. ಹಳೆಯ ದ್ರವವನ್ನು ಹೀರಿ ತೆಗೆದು, ಕೊಳವೆಗಳಿಗೆ ಗುರುತು ಕಟ್ಟಿ, ಒಂದೊಂದನ್ನು ಬಿಚ್ಚಿದೊಡನೆ ಅದರ ಬಾಯಿಯನ್ನು ಮುಚ್ಚಬೇಕು. ಕೊಳವೆಯ ನಟ್ಟುಗಳು ಮೆದುವಾದವು. ಅವಕ್ಕೆಂದೇ ಮಾಡಿದ ಸ್ಪ್ಯಾನರನ್ನು ಬಳಸದಿದ್ದರೆ ಮೂಲೆಗಳು ಸವೆದು ತಿರುಗದಂತಾಗುತ್ತವೆ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುವ ವಸ್ತು. ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಬೇಕು. ಹೆಸರಿನಲ್ಲಿ ಆಯಿಲ್ ಎಂದಿದ್ದರೂ ಸಾಮಾನ್ಯ ಕಾರುಗಳದು ನಿಜವಾದ ಎಣ್ಣೆಯಲ್ಲ. ಇಂಜಿನ್ ಆಯಿಲನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಅದಕ್ಕೆ ಒಂದು ಚಮಚ ಸೋಕಿಸಿದರೂ ಒಳಗಿನ ರಬ್ಬರು ಊದಿಕೊಂಡು ಇಡೀ ವ್ಯವಸ್ಥೆ ಹಾಳಾಗುತ್ತದೆ.

ನಾಲ್ಕನೆಯದು, ಗಾಳಿ ತೆಗೆಯುವುದು. ಹುಡುಗನನ್ನು ಪೆಡಲಿನ ಮೇಲೆ ಕೂರಿಸುವ ಹಳೆಯ ವಿದ್ಯೆಯೊಂದರಿಂದಲೇ ಇಲ್ಲಿ ಕಾರ್ಯವಾಗುವುದಿಲ್ಲ. ಗಣಕದ ಅಪ್ಪಣೆಯಿಲ್ಲದೆ ಕೆಲವು ಕವಾಟಗಳು ತೆರೆಯುವುದೇ ಇಲ್ಲ. ಅವುಗಳ ಹಿಂದೆ ಗಾಳಿ ಅಡಗಿ ಕೂರುತ್ತದೆ. ಪರೀಕ್ಷಾ ಯಂತ್ರವು ಪಂಪನ್ನೂ ಕವಾಟಗಳನ್ನೂ ಸರದಿಯಂತೆ ನಡೆಸುತ್ತಿರಲು, ಕೈಪಿಡಿಯ ಕ್ರಮದಲ್ಲಿಯೇ ಒಂದೊಂದು ಚಕ್ರದಿಂದ ಗಾಳಿಯನ್ನು ಹೊರಡಿಸಬೇಕು. ಹೊಸ ದ್ರವವು ಮುದ್ರೆಯೊಡೆಯದ ಡಬ್ಬಿಯದಾಗಿರಬೇಕು.

ಐದನೆಯದೂ ಕೊನೆಯದೂ, ಹೆಚ್ಚಾಗಿ ಅಲಕ್ಷ್ಯಕ್ಕೆ ಒಳಗಾಗುವುದೂ, ಹೊಂದಿಸುವಿಕೆ. ಒಂದೇ ಅಚ್ಚಿನಲ್ಲಿ ತಯಾರಾದ ಎರಡು ಕವಾಟಗಳೂ ಒಂದೇ ಸಮನಾಗಿ ತೆರೆಯುವುದಿಲ್ಲ. ಒಂದಕ್ಕೆ ಕೊಂಚ ಹೆಚ್ಚು ವಿದ್ಯುತ್ತು ಬೇಕು, ಒಂದಕ್ಕೆ ಕೊಂಚ ಕಡಿಮೆ. ಅಂಗಡಿಯವನು ತೂಗುವ ಮುನ್ನ ತಕ್ಕಡಿಯ ಮುಳ್ಳನ್ನು ನಡುವಿಗೆ ತರುವಂತೆ, ಹೊಸ ಕವಾಟಗಳ ಸ್ವಭಾವವನ್ನು ಗಣಕಕ್ಕೆ ಕಲಿಸಿಕೊಡಬೇಕು. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಪೆಡಲನ್ನು ಮುಟ್ಟದೆ, ಪರೀಕ್ಷಾ ಯಂತ್ರದ ಸಹಾಯದಿಂದ ಇದನ್ನು ಮಾಡುತ್ತಾರೆ. ಇದು ತಪ್ಪಿದರೆ ಹೊಸ ಪೆಟ್ಟಿಗೆ ಹಾಕಿಯೂ ದೀಪ ಆರುವುದಿಲ್ಲ. ಇಲ್ಲವೆ ಬ್ರೇಕು ಜಗ್ಗಿ ಜಗ್ಗಿ ಹಿಡಿಯುತ್ತದೆ. ಎಲ್ಲ ಮುಗಿದ ಮೇಲೆ ಜನಸಂಚಾರವಿಲ್ಲದ ಕಡೆ, ಮೊದಲು ನಡಿಗೆಯ ವೇಗದಲ್ಲಿ, ಬಳಿಕ ಸ್ವಲ್ಪ ಹೆಚ್ಚಿಸಿ ಪರೀಕ್ಷಿಸಿ ನೋಡಬೇಕು.

ಗುಜರಿಯ ಪೆಟ್ಟಿಗೆಯ ಪ್ರಶ್ನೆಗೆ ಉತ್ತರ ಈಗ ಸುಲಭ. ಅದು ಯಾವ ಕಾರಿನಲ್ಲಿ ಎಷ್ಟು ವರ್ಷ ದುಡಿಯಿತು, ಬಿಚ್ಚಿದ ಮೇಲೆ ಎಷ್ಟು ತಿಂಗಳು ಬಾಯಿ ತೆರೆದುಕೊಂಡು ತೇವವನ್ನೂ ಧೂಳನ್ನೂ ಕುಡಿಯಿತು ಎಂಬುದನ್ನು ಹೇಳುವವರಿಲ್ಲ. ಕೆಟ್ಟದ್ದರಷ್ಟೇ ವಯಸ್ಸಾದ ಸಂಚಯಕ ಅದರಲ್ಲಿಯೂ ಇದೆ. ಕಿಟಕಿಯ ಗಾಜನ್ನೋ ಸೀಟನ್ನೋ ಗುಜರಿಯಿಂದ ತಂದು ಹಣ ಉಳಿಸಿದರೆ ಅದು ಜಾಣತನ. ಬ್ರೇಕಿನಲ್ಲಿ ಉಳಿಸಿದ ಹಣ ಉಳಿತಾಯವಲ್ಲ. ಮನೆಮಂದಿಯ ಹೆಸರಿನಲ್ಲಿ ಬರೆದುಕೊಟ್ಟ ಸಾಲ. ಹೊಸದಕ್ಕೆ ಕೈಯಲ್ಲಿ ಹಣವಿಲ್ಲದಿದ್ದರೆ ಒದಗುವವರೆಗೆ ಕಾರನ್ನು ಮನೆಯಲ್ಲಿಯೇ ನಿಲ್ಲಿಸಿ ಬಸ್ಸಿನಲ್ಲಿ ಓಡಾಡುವುದರಿಂದ ಯಾರ ಮರ್ಯಾದೆಗೂ ಕುಂದಿಲ್ಲ. ಬದಲಾಯಿಸಿದ ಮೇಲೆ ಹಳೆಯ ಪೆಟ್ಟಿಗೆಯನ್ನು ತೋರಿಸುವಂತೆಯೂ, ಹೊಂದಿಸುವಿಕೆ ಮುಗಿದುದನ್ನು ಬಿಲ್ಲಿನಲ್ಲಿ ಬರೆಯುವಂತೆಯೂ ಕೇಳಬೇಕು. ಪ್ರಾಮಾಣಿಕನಾದ ಮೆಕ್ಯಾನಿಕ್ ಇದಕ್ಕೆ ಬೇಸರಪಡುವುದಿಲ್ಲ.

ಘಾಟಿಯ ಲೆಕ್ಕ

ಮೋಟಾರೇ ಹೆಚ್ಚಾಗಿ ಬ್ರೇಕಿನ ಕೆಲಸವನ್ನು ಮಾಡುವುದಾದರೆ ದ್ರವಬ್ರೇಕಿನ ಚಿಂತೆ ಇಷ್ಟೇಕೆ ಎಂಬ ಸಂಶಯ ಉಳಿದಿರಬಹುದು. ಅದಕ್ಕೊಂದು ಲೆಕ್ಕವನ್ನು ಹೇಳುತ್ತೇವೆ. ಅದೇ ೧,೫೦೦ ಕಿಲೋಗ್ರಾಂ ಕಾರು ಆಗುಂಬೆಯಂಥ ಘಾಟಿಯಲ್ಲಿ ೫೦೦ ಮೀಟರ್ ಕೆಳಗಿಳಿಯುತ್ತದೆಯೆನ್ನಿ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು ೨ ಯೂನಿಟ್. ಎರಡನೆಯ ತಲೆಮಾರಿನ ಪ್ರಿಯಸ್ ಕಾರಿನ ದೊಡ್ಡ ಬ್ಯಾಟರಿ ಪೂರ್ತಿ ಬರಿದಾಗಿದ್ದರೂ ತುಂಬಿಕೊಳ್ಳಬಲ್ಲುದು ಸುಮಾರು ೧.೩ ಯೂನಿಟ್, ಬ್ಯಾಟರಿಯ ಆಯುಸ್ಸಿನ ದೃಷ್ಟಿಯಿಂದ ಅದರಲ್ಲಿಯೂ ಒಂದು ಭಾಗವನ್ನು ಮಾತ್ರ ಬಳಸುತ್ತಾರೆ. ಗಾಳಿಯ ತಡೆಯಲ್ಲಿ ಕೊಂಚ ಕಳೆದರೂ, ಘಾಟಿಯ ಮಧ್ಯದಲ್ಲಿಯೇ ಬ್ಯಾಟರಿ ‘ಸಾಕು’ ಎನ್ನುತ್ತದೆ. ದೊಡ್ಡ ಬ್ಯಾಟರಿಯ ಪೂರ್ಣ ವಿದ್ಯುತ್ ಕಾರಾದರೂ, ಬೆಟ್ಟದ ಮೇಲೆಯೇ ತುಂಬಿಸಿಕೊಂಡು ಇಳಿಯತೊಡಗಿದರೆ ಅದೇ ಸ್ಥಿತಿ. ಆ ಕ್ಷಣದಿಂದ ಎಲ್ಲ ಭಾರವೂ ದ್ರವಬ್ರೇಕಿನ ಮೇಲೆ ಬೀಳುತ್ತದೆ. ಇಂಥ ಕಡೆ ಇಂಜಿನ್ನೇ ತಡೆಯೊಡ್ಡುವಂತೆ ಮಾಡುವ ‘ಬಿ’ ಎಂಬ ಸ್ಥಾನ ಪ್ರಿಯಸ್ ಕಾರಿನಲ್ಲಿರುವುದು ಅದಕ್ಕಾಗಿಯೇ.

ಬ್ರೇಕಿನ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಸ್ವಭಾವವಿದೆ. ಡಾಟ್ ೩ ಎಂದು ಗುರುತಿಸುವ ದ್ರವ ಹೊಸದಾಗಿದ್ದಾಗ ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ ೧೪೦ ಡಿಗ್ರಿಗೆ ಇಳಿಯುತ್ತದೆ. ಕಾದ ಬ್ರೇಕಿನಲ್ಲಿ ದ್ರವ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ; ಪೆಡಲು ಹತ್ತಿಯಂತೆ ಕೆಳಗಿಳಿಯುತ್ತದೆ. ಅಪರೂಪಕ್ಕೆ ಬಳಕೆಯಾಗುವುದರಿಂದಲೇ ಹೈಬ್ರಿಡ್ ಕಾರಿನ ದ್ರವವನ್ನು ಜನ ಮರೆಯುತ್ತಾರೆ. ಕರಾವಳಿಯ ತೇವದಲ್ಲಿ ಡಿಸ್ಕುಗಳಿಗೆ ತುಕ್ಕೂ ಹಿಡಿಯುತ್ತದೆ. ಸಂಸ್ಥೆಯ ಕೈಪಿಡಿಯಲ್ಲಿ ಹೇಳಿದ ಅವಧಿಗೆ ದ್ರವವನ್ನು ಬದಲಾಯಿಸುವುದಕ್ಕೆ ಆಗುವ ಖರ್ಚು, ಕವಾಟದ ಪೆಟ್ಟಿಗೆಯ ಬೆಲೆಯ ಮುಂದೆ ಏನೂ ಅಲ್ಲ. ತೇವವೇ ಆ ಪೆಟ್ಟಿಗೆಯ ಒಳಗಿನ ಲೋಹವನ್ನು ತಿನ್ನುವ ಶತ್ರುವಾದುದರಿಂದ, ಈ ಸಣ್ಣ ಖರ್ಚೇ ಆ ದೊಡ್ಡ ಖರ್ಚನ್ನು ದೂರವಿಡುವ ಉಪಾಯವೂ ಹೌದು.

ಮನೆಯ ಲೆಕ್ಕದ ಪುಸ್ತಕದಲ್ಲಿ ಹಾಲು, ತರಕಾರಿ, ಮಕ್ಕಳ ಫೀಜಿನ ಜೊತೆಗೆ ಬ್ರೇಕ್ ಆಯಿಲ್ ಬದಲಾಯಿಸಿದ ತಾರೀಖನ್ನೂ ಬರೆದಿಡಿ. ಮುಂದಿನ ಸಲ ಬದಲಾಯಿಸಬೇಕಾದ ತಾರೀಖನ್ನು ಅದರ ಪಕ್ಕದಲ್ಲಿಯೇ ಕೆಂಪು ಮಸಿಯಲ್ಲಿ ಬರೆಯಿರಿ. ಕಾರಿನ ಫಲಕದಲ್ಲಿ ಕೆಂಪು ಕಾಣಿಸುವುದಕ್ಕಿಂತ ಪುಸ್ತಕದಲ್ಲಿ ಕಾಣಿಸುವುದು ಮೇಲು.